ನೆಟ್ ಕಿತ್ತ ಮೇಲೂ ಬಂದ ಚಿತ್ರಗಳು

"ಬೇಡ! ಕ್ಲಿಕ್ ಮಾಡ್ಬೇಡಿ!"

ಜೆರಾಕ್ಸ್ ಅಂಗಡಿಯವನ ಕೈ ಮೌಸ್ ಮೇಲೆಯೇ ನಿಂತಿತು. ಎದುರಿನ ಟೈಲರ್ ಅಂಗಡಿಯ ಹುಡುಗಿ ಕೌಂಟರಿನ ಮೇಲೆ ಅರ್ಧ ಬಗ್ಗಿ ಅವನ ಮಣಿಕಟ್ಟನ್ನೇ ಹಿಡಿದಿದ್ದಳು. ಅದು ಅರಿವಾದದ್ದೇ ತಡ, ಕಾದ ಇಸ್ತ್ರಿಪೆಟ್ಟಿಗೆ ಮುಟ್ಟಿದವಳಂತೆ ಕೈ ಹಿಂದೆಳೆದುಕೊಂಡಳು.

"ಪಿಡಿಎಫ್ ಪುಟಗಳನ್ನ ಫೋಟೊ ಮಾಡ್ಕೊಡಿ ಅಂದ್ರಿ. ಅದನ್ನೇ ಮಾಡ್ತಿದೀನಿ..."

"ಯಾವ್ದೋ ವೆಬ್‌ಸೈಟಿಗೆ ಹಾಕ್ತಿದೀರಲ್ಲ! ಅಲ್ಲಿಂದ ಎಲ್ಲೆಲ್ಲಿಗೆ ಹೋಗುತ್ತೋ..."

ಆ ಪುಟಗಳಲ್ಲಿ ಇದ್ದದ್ದು ನಾಟಕ ತಂಡವೊಂದಕ್ಕೆ ಅವಳು ಬಿಡಿಸಿದ್ದ ಉಡುಪುಗಳ ವಿನ್ಯಾಸ. ಸ್ವಂತ ಅಂಗಡಿ ಹಾಕಿದ ಮೇಲೆ ಸಿಕ್ಕ ಮೊದಲ ದೊಡ್ಡ ಕೆಲಸ! ಮೊಬೈಲಿನಲ್ಲಿ ನೋಡಲು ಚಿತ್ರಗಳಾಗಿಯೇ ಕಳಿಸಬೇಕೆಂದು ನಿರ್ದೇಶಕಿ ಹೇಳಿದ್ದರು.

ಅವನು ಕಂಪ್ಯೂಟರಿನ ಹಿಂದಿನ ನೆಟ್ ವೈರ್ ಕಿತ್ತು ಅವಳ ಕೈಗೇ ಕೊಟ್ಟ.

"ಹಿಡ್ಕೊಳ್ಳಿ. ಈಗ ನೋಡಿ."

ಕ್ಲಿಕ್. ಪುಟಗಳು ಒಂದೊಂದಾಗಿ ಚಿತ್ರಗಳಾಗಿ ಪರದೆಯ ಮೇಲೆ ಬಂದು ಕೂತವು!

"ಅರೇ... ವೈರು ನನ್ನ ಕೈಲಿದೆ. ಹೇಗಾಯ್ತು ಇದು?"

"ಆ ವೆಬ್‌ಪೇಜ್ ಮೊದ್ಲೇ ತೆರೆದಿತ್ತು. ಕೆಲಸ ಎಲ್ಲಾ ಬ್ರೌಸರ್ ಒಳಗೇ ನಡೀತು. ನಿಮ್ಮ ಫೈಲು ಈ ಕಂಪ್ಯೂಟರ್ ಬಿಟ್ಟು ಆಚೆ ಹೋಗಿಲ್ಲ."

ಚಿತ್ರಗಳನ್ನು ಅವಳ ಪೆನ್‌ಡ್ರೈವಿಗೆ ಹಾಕಿ, ತನ್ನಲ್ಲಿದ್ದದ್ದನ್ನು ಅವಳೆದುರೇ ಅಳಿಸಿದ.

ಅಂದಿನಿಂದ ಅವಳಿಗೆ ಪ್ರಶ್ನೆಗಳೋ ಪ್ರಶ್ನೆಗಳು! ಚಿತ್ರ ದೊಡ್ಡದು ಮಾಡಿದರೆ ಯಾಕೆ ಮಸುಕಾಗುತ್ತೆ? ಚಿತ್ರವಾಗಿಬಿಟ್ಟ ಅಕ್ಷರವನ್ನು ತಿದ್ದಬಹುದಾ? ಕೇಳಲೆಂದೇ ರಸ್ತೆ ದಾಟುತ್ತಿದ್ದಳು. ಅವನು ವಿವರಿಸುವಾಗ ಪರದೆ ಬಿಟ್ಟು ಅವನನ್ನೇ ನೋಡುತ್ತಿದ್ದಳು.

'ಇದೇನಾಗ್ತಿದೆ ನಂಗೆ...?'

ಒಂದು ಬೆಳಿಗ್ಗೆ ಪಕ್ಕದ ಬೀದಿಯ ದೊಡ್ಡ ಬಟ್ಟೆ ಅಂಗಡಿಯ ಗಾಜಿನ ಹಿಂದೆ ಅವಳು ನಾಟಕದ ರಾಣಿಗೆಂದು ಬಿಡಿಸಿದ್ದ ನಿಲುವಂಗಿ! ಅದೇ ಗರಿಯಂಥ ಕಾಲರ್, ಅದೇ ಓರೆ ಗುಂಡಿಗಳು...

ನೇರ ಜೆರಾಕ್ಸ್ ಅಂಗಡಿಗೆ ನುಗ್ಗಿದಳು.

"ಯಾರಿಗೆ ಕೊಟ್ರಿ ನನ್ನ ಚಿತ್ರಾನ? ನಂಬಿದ್ದೆ ನಿಮ್ಮನ್ನ!"

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅವನ ಮುಖ ಬಿಳಚಿಕೊಂಡಿತು.

"ನಿಮ್ಮೆದುರೇ ಅಳಿಸಿದ್ನಲ್ಲ..." ಅಷ್ಟೇ ಅಂದ.

ಮನೆಗೆ ಬಂದು ಅಳುತ್ತ ಕೂತವಳ ತಲೆ ಸವರಿದ ಚಿಕ್ಕಮ್ಮ ವಿಷಯ ಕೇಳಿ ಕಣ್ಣರಳಿಸಿದರು.

"ಆ ರಾಣಿ ಚಿತ್ರಾನಾ? ನಿರ್ದೇಶಕಿಗೆ ಕಳಿಸೋಕೆ ನಿನ್ನ ಫೋನಿಗೆ ಹಾಕ್ಕೊಂಡಿದ್ಯಲ್ಲ, ಅದ್ರಿಂದ ನಾನೇ ನಮ್ಮ ಗೆಳತಿಯರ ಗ್ರೂಪಿಗೆ ಕಳಿಸಿದ್ನಲ್ಲೇ! ನಮ್ಮ ಹುಡುಗಿ ಕೈಚಳಕ ಎಲ್ರೂ ನೋಡ್ಲಿ ಅಂತ... ಅಯ್ಯೋ! ಆ ಬಟ್ಟೆ ಅಂಗಡಿಯವನ ಅಕ್ಕನೂ ಇದಾಳೆ ಅದ್ರಲ್ಲಿ!"

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ನಿರ್ದೇಶಕಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. "ಬೇರೆ ಬಿಡಿಸಿ ಕೊಡಮ್ಮ, ಕಾಯ್ತೀನಿ" ಅಂದರು ಅವರು.

ಉಳಿದದ್ದು ಅವನು...

ಮರುದಿನ ಅಂಗಡಿ ತುಂಬಿರುವ ಹೊತ್ತು ನೋಡಿಕೊಂಡೇ ಹೋದಳು.

"ನಿನ್ನೆ ಎಲ್ಲರೆದುರು ಇವರನ್ನ ಬೈದೆ. ಅದಕ್ಕೇ ಎಲ್ಲರೆದುರೇ ಹೇಳ್ತೀನಿ... ತಪ್ಪು ನಂದು. ಇವರು ಯಾರಿಗೂ ಏನೂ ಕೊಟ್ಟಿಲ್ಲ."

ಗಿರಾಕಿಗಳು ಒಬ್ಬೊಬ್ಬರಾಗಿ ಕರಗಿದರು. ಅವಳು ಮಾತ್ರ ನಿಂತೇ ಇದ್ದಳು.

"ಬೈದಿದ್ದಕ್ಕೆ ಅಷ್ಟು ಬೇಜಾರಾಗ್ಲಿಲ್ಲ. ಇನ್ನು ಈ ಕಡೆ ಬರೋದೇ ಇಲ್ವೇನೋ ಅಂತ..." ಅವನು ತಡವರಿಸಿದ.

"ಬರ್ದೇ ಇದ್ರೆ ಏನು?"

"ಎಲ್ಲಾನೂ ಕೇಳ್ತೀರಪ್ಪಾ ನೀವು!" ಅವನ ಕಿವಿ ಕೆಂಪಾಯಿತು. "ಇಷ್ಟ ಆಗ್ಬಿಟ್ಟಿದೀರಿ. ಅದಕ್ಕೆ."

ಅವಳೆದೆ ಹೊಲಿಗೆ ಯಂತ್ರಕ್ಕಿಂತ ಜೋರಾಗಿ ಓಡಿತು.

"ಸಂಜೆ ಒಂದು ಸುತ್ತು ನಡೆದು ಬರೋಣ... ಬರ್ತೀರಾ?" ಅವನೇ ಕೇಳಿದ.

"ಉಹೂಂ. 'ಬರ್ತೀಯಾ' ಅಂತ ಕೇಳಿ."

"...ಬರ್ತೀಯಾ?"

"ಬರ್ತೀನಿ ಕಣೋ!"