ಇಳಿಯದ ರೇಸು

ಕಾಲುವೆ ಸೇತುವೆಯ ಮೋಟುಗೋಡೆಗೆ ಮೂತಿ ಗುದ್ದಿಕೊಂಡು ನಿಂತಿದ್ದ ಸ್ಕೂಟರು ಒಂದೇ ಸಮನೆ ಅಬ್ಬರಿಸುತ್ತಿತ್ತು. ಮೇಲೆ ಯಾರೂ ಇಲ್ಲ. ಹಿಡಿ ತಿರುವಿದ ಕೈಯೂ ಇಲ್ಲ. ಆದರೂ ರೇಸು ಇಳಿಯುತ್ತಿಲ್ಲ—ಏಕೆ?

ಅಂಗಡಿ ಮುಚ್ಚಿ ಘೋಡಗೇರಿಯ ಮನೆಗೆ ಹೊರಟಿದ್ದ ಮೆಕ್ಯಾನಿಕ್ ಯಲ್ಲಾಲಿಂಗ ಆ ಸದ್ದಿಗೆ ಓಡಿ ಬಂದ. ಬಾಪುಸಾಹೇಬರು ಆಗಲೇ ಅಲ್ಲಿದ್ದರು; ಸೇತುವೆಗೆ ತಾಗಿಯೇ ಅವರ ಕಬ್ಬಿನ ಹೊಲ, ಬೆಲ್ಲದ ಗಾಣ. ಅವರು ಸೀಟಿನ ಕೆಳಗೆ ಕೈ ತೂರಿಸಿ ಏನನ್ನೋ ಒತ್ತಿ ಹಿಡಿದರು. ಅಬ್ಬರ ತಗ್ಗಿತು. ಕೀಲಿ ತಿರುವಿ ಇಂಜಿನ್ ನಿಲ್ಲಿಸಿದರು. ಆಮೇಲಷ್ಟೇ ಬಗ್ಗಿ ಕಾಲುವೆಯೊಳಗೆ ನೋಡಿದರು.

ಕೆಳಗೆ ಬಿದ್ದಿದ್ದವಳು ಅವರ ಒಬ್ಬಳೇ ಮಗಳು ಪ್ರಣಿತಾ. ಹಿಡಕಲ್ ಡ್ಯಾಮಿನಿಂದ ಆ ವಾರ ನೀರು ಬಿಟ್ಟಿರಲಿಲ್ಲ. ನೀರಿದ್ದಿದ್ದರೆ ಬದುಕುತ್ತಿದ್ದಳೋ ಏನೋ. ಒಣಗಲ್ಲಿಗೆ ತಲೆ ಬಡಿದಿತ್ತು.

ಆ ಸ್ಕೂಟರನ್ನು ಅದೇ ಮುಂಜಾನೆ ರಿಪೇರಿ ಮಾಡಿಕೊಟ್ಟವನು ಯಲ್ಲಾಲಿಂಗ. ಅದು ನೆನಪಾದದ್ದೇ ತಡ, ಬಾಪುಸಾಹೇಬರು ಅವನ ಬಲಗೈಯನ್ನು ಗೋಡೆಯ ಮೇಲೆ ಒತ್ತಿಟ್ಟು ಕಲ್ಲಿನಿಂದ ಜಜ್ಜಿದರು. ಮೂರು ಬೆರಳು ಮುರಿದವು. ಸೇರಿದ ಮಂದಿಯಲ್ಲಿ ಒಬ್ಬರೂ ತಡೆಯಲಿಲ್ಲ. ಇಷ್ಟಕ್ಕೇ ಬಿಟ್ಟರಲ್ಲ ಎಂದು ಬೇಸರಪಟ್ಟವರೂ ಇದ್ದರು.

ಪೊಲೀಸರು ಅವನನ್ನು ಲಾಕಪ್ಪಿಗೆ ಹಾಕಿದರು. ಜೈಲು ಖಾತ್ರಿ ಎಂದು ಊರೆಲ್ಲ ಆಡಿಕೊಂಡಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಹುಡುಗಿಯನ್ನು ಕೊಂದವನು ತಾನೇ ಎಂದು ಯಲ್ಲಾಲಿಂಗನೂ ನಂಬಿಬಿಟ್ಟಿದ್ದ.

ಪಿಎಸ್‌ಐ ಸುಜಾತಾ ಮಾತ್ರ ಸುಮ್ಮನೆ ನಂಬುವ ಪೈಕಿ ಅಲ್ಲ. ಎದುರಿಗೆ ಕೂತು ಕೇಳಿದರು:

"ಗಾಡಿ ಯಾರದು?"

"ಧನ್ಯಕುಮಾರಂದ್ರಿ. ಬಾಪುಸಾಹೇಬರ ತೀರಿಹೋದ ಅಣ್ಣನ ಮಗ. ಗೋಕಾಕದಾಗ ಅಂಗಡಿ ಐತ್ರಿ."

"ಏನ್ ತಕರಾರು ಅಂದಿದ್ದ?"

"ರೇಸ್ ಬಿಟ್ರೂ ಲಗೂನ ಇಳಿಯೂದಿಲ್ಲ ಅಂದಿದ್ದನ್ರಿ. ಸಂಜೀಕ ಬಿಟ್ಟು ಹೋದ. ಮುಂಜಾನೆ ಚಾಲೂ ಮಾಡಿದ್ನಿ, ಬರೋಬ್ಬರಿ ಇತ್ತು. ಕೇಬಲ್ಲಿಗೆ ಎಣ್ಣಿ ಬಿಟ್ಟು ಕೊಟ್ನಿ."

"ನೀ ನೋಡಿದಾಗ ಇಂಜಿನ್ ಕಾದಿತ್ತೋ, ತಣ್ಣಗಿತ್ತೋ?"

ಯಲ್ಲಾಲಿಂಗ ತಲೆ ತಗ್ಗಿಸಿದ. "ತಣ್ಣಗಿತ್ರಿ."

ಸೇತುವೆಯ ಮೇಲೆ ಇಂಜಿನ್ ನಿಂತದ್ದು ಹೇಗೆಂದು ಕೇಳಿದರು. ಕಂಡದ್ದನ್ನು ಕಂಡ ಹಾಗೆ ಹೇಳಿದ. ಸುಜಾತಾ ಎದ್ದು ಅಂಗಳಕ್ಕೆ ಹೋದರು. ಜಪ್ತಿ ಮಾಡಿ ನಿಲ್ಲಿಸಿದ್ದ ಸ್ಕೂಟರಿಗೆ ಕಪ್ಪಿರುವೆಗಳು ಸಾಲುಗಟ್ಟಿದ್ದವು. ಪೇದೆಗಳು ಕಂಡೂ ಕಾಣದಂತಿದ್ದರು. ಇರುವೆಗಳು ಸೀಟಿನ ಮೇಲಿರಲಿಲ್ಲ, ಕೆಳಗೆ ಇಂಜಿನ್ನಿನೊಳಕ್ಕೆ ಇಳಿಯುತ್ತಿದ್ದವು.

ಮರುದಿನ ಬಾಪುಸಾಹೇಬರನ್ನೂ ಧನ್ಯಕುಮಾರನನ್ನೂ ಕರೆಸಿದರು. ಯಲ್ಲಾಲಿಂಗನನ್ನೂ ಹೊರಗೆ ತಂದರು. ಬಾಪುಸಾಹೇಬರ ಬಲಗೈಗೆ ಬಟ್ಟೆ ಸುತ್ತಿತ್ತು. ಮಗಳು ಬಿದ್ದ ಗಾಡಿಯನ್ನು ನಿಲ್ಲಿಸಲು ಹೋಗಿ ಅಂಗೈ ಸುಟ್ಟುಕೊಂಡ ತಂದೆ ಎಂದು ಊರ ಹೆಂಗಸರು ಕಣ್ಣೀರಿಟ್ಟಿದ್ದರು.

ಸ್ಕೂಟರು ಚಾಲೂ ಆಯಿತು. ರೇಸು ಕೊಟ್ಟು ಬಿಟ್ಟರೆ ಥಟ್ಟನೆ ಇಳಿಯಿತು. ಸುಜಾತಾ ಅದನ್ನು ಹಾಗೇ ಓಡಲು ಬಿಟ್ಟು ಚಹಾ ಕುಡಿದರು. ಇಂಜಿನ್ ಚೆನ್ನಾಗಿ ಕಾದ ಮೇಲೆ ಮತ್ತೆ ರೇಸು ಕೊಟ್ಟು ಬಿಟ್ಟರು—ಇಳಿಯಲಿಲ್ಲ. ಕೇಬಲನ್ನೇ ಕಳಚಿಸಿದರು. ಆಗಲೂ ಇಳಿಯಲಿಲ್ಲ.

"ಹಂಗಾರ ತಪ್ಪು ಕೇಬಲ್ಲಿಂದಲ್ಲ," ಎಂದರು. ಯಲ್ಲಾಲಿಂಗ ಮೊದಲ ಸಲ ತಲೆ ಎತ್ತಿದ.

ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವೆ ಬೆರಳುದ್ದದ ರಬ್ಬರ್ ಕೊಳವೆ. ಒದ್ದೆ ಬಟ್ಟೆಯಿಂದ ಸುಜಾತಾ ಅದನ್ನು ಸುತ್ತಿ ಅದುಮಿದರು. ಅಬ್ಬರ ತಗ್ಗಿತು. ಕೈ ತೆಗೆದರು, ಮತ್ತೆ ಏರಿತು.

"ಕೊಳವಿ ಅಡಿಗೆ ಬ್ಲೇಡಿನಿಂದ ಸೀಳಿದ್ದಾರ. ಅಲ್ಲಿಂದ ಹೊರಗಿನ ಗಾಳಿ ಒಳಗ ಹೊಕ್ಕು ರೇಸ್ ಇಳಿಯಾಕ ಬಿಡೂದಿಲ್ಲ. ಸೀಳಿಗೆ ಬೆಲ್ಲ ಮೆತ್ತ್ಯಾರ. ಪೆಟ್ರೋಲಿಗೆ ಬೆಲ್ಲ ಕರಗೂದಿಲ್ಲ, ಕಾವಿಗೆ ಕರಗತೈತಿ. ತಣ್ಣಗಾದ್ರ ಮತ್ತ ಗಟ್ಟಿ. ಅದಕ್ಕ ಯಲ್ಲಾಲಿಂಗಗ ಮುಂಜಾನೆ ಏನೂ ಕಾಣಲಿಲ್ಲ. ಇರುವಿಗೆ ಕಂಡಿತು."

"ಬೆಲ್ಲ ಇವನ ಕೈಗೂ ಸಿಗತೈತಿ," ಎಂದು ಬಾಪುಸಾಹೇಬರು ಧನ್ಯಕುಮಾರನತ್ತ ಗದ್ದ ಎತ್ತಿದರು.

"ಖರೆ. ಆದ್ರ ಅವತ್ತು ಸೇತುವಿ ಮ್ಯಾಲ ಎಲ್ಲಿ ಒತ್ತಿದ್ರ ರೇಸ್ ಇಳೀತೈತಿ ಅಂತ ಮೆಕ್ಯಾನಿಕ್‌ಗೂ ಗೊತ್ತಿರಲಿಲ್ಲ. ನಿಮಗ ಹೆಂಗ ಗೊತ್ತಾತು? ಕೆಳಗ ಯಾರ ಬಿದ್ದಾರ ಅಂತ ನೋಡೂಕಿಂತ ಮೊದಲ ನೀವು ಅಲ್ಲೇ ಯಾಕ ಕೈ ಹಾಕಿದ್ರಿ? ಅಂಗೈ ಬಿಚ್ಚಿ ತೋರಸ್ರಿ."

ಬಾಪುಸಾಹೇಬರು ಬಿಚ್ಚಲಿಲ್ಲ. ಪೇದೆ ಬಿಚ್ಚಿದ. ಅಂಗೈಗೆ ಅಡ್ಡಲಾಗಿ ಆ ಕೊಳವೆಯ ಬಾಗಿದ ಆಕಾರದ್ದೇ ಬೊಬ್ಬೆ ಎದ್ದಿತ್ತು.

ಕಾರಣ ಕೇಳಬೇಕಾಗಿರಲಿಲ್ಲ. ಹೊಲದಲ್ಲೂ ಗಾಣದಲ್ಲೂ ಅಪ್ಪನ ಪಾಲು ಕೊಡಿ ಎಂದು ಧನ್ಯಕುಮಾರ ಕೇಳತೊಡಗಿದ್ದ. ದಿನವೂ ಸಂಜೆ ಅವನು ಗೋಕಾಕದಿಂದ ಆ ಸೇತುವೆಯ ತಿರುವಿನ ಮೇಲೇ ಗಾಡಿ ಓಡಿಸಿಕೊಂಡು ಮನೆಗೆ ಬರುತ್ತಿದ್ದ, ಅದೂ ಅವಸರದಲ್ಲಿ. ಏಕೆಂದರೆ ಜೈನರ ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ.

"ಆಕಿ ಬಸ್ಸಿಗೆ ಬರಾಕಿದ್ದಳ್ರಿ," ಎಂದರು ಬಾಪುಸಾಹೇಬರು, ಯಾರಿಗೂ ಅಲ್ಲ ಎಂಬಂತೆ. ತಪ್ಪೊಪ್ಪಿಗೆಗೆ ಅಷ್ಟು ಸಾಕಾಗಿತ್ತು.

ಧನ್ಯಕುಮಾರ ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ.

"ಬಸ್ ತಪ್ಪಿತ್ತು, ಕಾಕಾ. ಕಾಲೇಜಿನಿಂದ ನನ್ನ ಅಂಗಡಿಗೆ ಬಂದು ಕುಂತಿದ್ದಳು. ಆವಾಗ ನಿಮ್ಮ ಫೋನ್ ಬಂತು. ಹೊತ್ತು ಮುಣಗೂದ್ರಾಗ ಬರದಿದ್ರ ಉಪಾಸ ಮಲಗಬೇಕಾಗತೈತಿ, ಹೆಂಗಾರ ಮಾಡಿ ಬಾ ಅಂದ್ರಿ. ಅದಕ್ಕ ಆಕಿಗೆ ಕೀಲಿ ಕೊಟ್ನಿ."

ಬಾಪುಸಾಹೇಬರು ಸುಟ್ಟ ಅಂಗೈಯನ್ನೇ ನೋಡುತ್ತ ನೆಲಕ್ಕೆ ಕುಸಿದರು. ಯಾರೂ ಎತ್ತಲಿಲ್ಲ.

ಸ್ಕೂಟರು ಇನ್ನೂ ಅಬ್ಬರಿಸುತ್ತಿತ್ತು. ನಿಲ್ಲಿಸು ಎಂದು ಸುಜಾತಾ ಯಲ್ಲಾಲಿಂಗನಿಗೆ ಹೇಳಿದರು. ಅವನು ರೂಢಿಯಂತೆ ಬಲಗೈ ಚಾಚಿದ. ಬೆರಳುಗಳು ಮಡಚಲಿಲ್ಲ. ಎಡಗೈಯಿಂದ ಕೀಲಿ ತಿರುವಿದ.