ನಿಲ್ಲಿಸಲಾಗದ ರೈಲು

ಅವನಿಗೆ ಎಕ್ಸ್‌ಪ್ರೆಸ್ ಅಂತ ಹೆಸರಿಟ್ಟವಳು ನಾನೇ. ಕೀಬೋರ್ಡ್ ಮುಂದೆ ಕೂತರೆ ಅಷ್ಟು ಅವಸರ. ಫೈಲುಗಳ ಪಟ್ಟಿ ತೋರಿಸುವ ಎರಡಕ್ಷರದ ಕಮಾಂಡನ್ನು ದಿನಕ್ಕೆ ಹತ್ತು ಸಲ ಹಿಂದುಮುಂದಾಗಿ ಒತ್ತಿ ತಲೆ ಚಚ್ಚಿಕೊಳ್ಳುತ್ತಿದ್ದ. ಆಫೀಸಿನ ಸರ್ವರ್‌ಗಳನ್ನು ನೋಡಿಕೊಳ್ಳಬೇಕಾದ ನಾನು ಪಕ್ಕದ ಕುರ್ಚಿಯಿಂದ ಅವನನ್ನೇ ನೋಡಿಕೊಳ್ಳುತ್ತಿದ್ದೆ.

"ಹಾಗೆ ತಪ್ಪು ಒತ್ತಿದ್ರೆ ಸ್ಕ್ರೀನ್ ಮೇಲೆ ರೈಲು ಓಡೋ ಪ್ರೋಗ್ರಾಂ ಇದೆ. ಹಾಕ್ಲಾ?" ಅಂದೆ ಒಂದು ದಿನ.

"ಹಾಕು. ಪಾಸ್‌ವರ್ಡ್ ಮೆಸೇಜ್ ಮಾಡ್ತೀನಿ."

ಅಂದಿನಿಂದ ಅವನ ಕಪ್ಪು ಪರದೆಯ ಮೇಲೆ ಅಕ್ಷರಗಳಿಂದಲೇ ಕಟ್ಟಿದ ರೈಲು ಹೊಗೆ ಬಿಡುತ್ತಾ ಓಡತೊಡಗಿತು. ಪೂರ್ತಿ ದಾಟುವವರೆಗೆ ಯಾವ ಕೀ ಒತ್ತಿದರೂ ಅದು ನಿಲ್ಲುವುದಿಲ್ಲ. ಆ ಕೆಲವು ಸೆಕೆಂಡು ಅವನು ನನ್ನ ಕಡೆ ತಿರುಗಿ, ತುಟಿ ಬಿಗಿಹಿಡಿದು, ಕಣ್ಣಲ್ಲೇ ನಗುತ್ತಿದ್ದ. ಆಮೇಲಾಮೇಲೆ ಬೇಕೆಂದೇ ತಪ್ಪು ಒತ್ತುತ್ತಿದ್ದನೆಂದು ನನ್ನ ಗುಮಾನಿ.

"ನಿಂಗೆ ಹುಚ್ಚು ಹಿಡಿದಿದೆ ಕಣೆ," ಅಂದಳು ಮನೆಯಲ್ಲಿ ಇದನ್ನೆಲ್ಲ ಕೇಳಿದ ಅಕ್ಕ. ಹಿಡಿದಿತ್ತು.

ಒಂದು ಬುಧವಾರ ಬೆಳಿಗ್ಗೆ, ಅವನು ಬರುವ ಮೊದಲೇ, ಅವನ ಲ್ಯಾಪ್‌ಟಾಪ್ ತೆರೆದು ರೈಲಿನ ಬೋಗಿಗಳ ಮೇಲೆ ಬರೆದಿಟ್ಟೆ: ಮದುವೆ ಆಗೋಣ್ವಾ?

ಅವನು ಬಂದವನೇ ಲ್ಯಾಪ್‌ಟಾಪ್ ಎತ್ತಿಕೊಂಡು ಮೀಟಿಂಗ್ ರೂಮಿಗೆ ಓಡಿದ. ಗ್ರಾಹಕರು ಒಂದು ದಿನ ಮೊದಲೇ ಬಂದಿದ್ದರು; ಅವರಿಗೆ ಡೆಮೊ ತೋರಿಸಬೇಕಾದವನು ಅವನೇ. ಸರ್ವರ್ ನೋಡಿಕೊಳ್ಳಲು ನನ್ನನ್ನೂ ಒಳಗೆ ಕರೆದರು. ಎಚ್ಚರಿಸೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಬೆರಳು ತಪ್ಪಿತು. ಗೋಡೆಯುದ್ದದ ಪರದೆಯ ಮೇಲೆ ನನ್ನ ಪ್ರಶ್ನೆ ನಿಧಾನವಾಗಿ ಹಾದುಹೋಯಿತು. ಯಾರೋ ಕಿಸಕ್ಕೆಂದರು.

"ಏನಿದು?" ಮ್ಯಾನೇಜರ್ ಕೇಳಿದರು.

ಅವನು ನನ್ನತ್ತ ನೋಡಿದ. ಕಣ್ಣಲ್ಲಿ ನಗುವಿರಲಿಲ್ಲ. "ನಂಗೊತ್ತಿಲ್ಲ ಸರ್. ನಾನಿಲ್ದಾಗ ಇವರು ನನ್ನ ಮೆಷಿನ್‌ಗೆ ಕೈ ಹಾಕಿರ್ಬೇಕು."

"ಪಾಸ್‌ವರ್ಡ್ ಅವನೇ ಕೊಟ್ಟಿದ್ನಾ?" ಮ್ಯಾನೇಜರ್ ನನ್ನ ಕಡೆ ತಿರುಗಿದರು.

ಮೊಬೈಲ್ ನನ್ನ ಕೈಯಲ್ಲೇ ಇತ್ತು. ಪಾಸ್‌ವರ್ಡ್ ಯಾರಿಗೂ ಕೊಡಬಾರದೆಂಬುದು ಆಫೀಸಿನ ನಿಯಮ; ಅವನ ಮೆಸೇಜ್ ತೋರಿಸಿದ್ದರೆ ಅವನ ಕೆಲಸ ಹೋಗುತ್ತಿತ್ತು.

"ಇಲ್ಲ ಸರ್," ಅಂದೆ.

ಪಾಸ್‌ವರ್ಡ್ ಕದ್ದವಳ ಕೈಗೆ ಸರ್ವರ್ ಕೊಡುವವರು ಯಾರು? ಮಧ್ಯಾಹ್ನದೊಳಗೆ ನನ್ನನ್ನು ಮನೆಗೆ ಕಳಿಸಿದರು.

ಲಿಫ್ಟಿನ ಹತ್ತಿರ ಅವನು ಓಡಿ ಬಂದ. "ಬೇಜಾರ್ ಮಾಡ್ಕೋಬೇಡ. ಪ್ರಮೋಷನ್‌ಗೆ ಇದೊಂದೇ ಚಾನ್ಸ್ ಇತ್ತು ನಂಗೆ. ನಿಂಗೆ ಎಲ್ಲಾದ್ರೂ ಕೆಲಸ ಸಿಗತ್ತೆ."

"ನಾನು ಕೇಳಿದ್ದಕ್ಕೆ ಉತ್ತರ?"

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಹೂಂ. ನಂಗೂ ನೀನಂದ್ರೆ ಇಷ್ಟಾನೇ. ಆದ್ರೆ ಒಂದು ವರ್ಷ ಯಾರಿಗೂ ಗೊತ್ತಾಗೋದು ಬೇಡ. ಕಳ್ಳೀನ ಕಟ್ಕೊಂಡ ಅಂತ ಆಡ್ಕೊಳ್ತಾರೆ."

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು "ಆಯ್ತು" ಅಂದೆ.

ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ನಮ್ಮ ಆಫೀಸಿನವರೇ ಇಬ್ಬರಿದ್ದರು. ಅವರನ್ನು ಕಂಡದ್ದೇ ಅವನು ಎರಡು ಹೆಜ್ಜೆ ಹಿಂದೆ ಸರಿದು, ನಾನು ಯಾರೋ ಎಂಬಂತೆ ನೋಟಿಸ್ ಬೋರ್ಡ್ ಓದತೊಡಗಿದ.

ಲಿಫ್ಟ್ ಕೆಳಗೆ ಮುಟ್ಟುವಷ್ಟರಲ್ಲಿ ನನ್ನ ಒಪ್ಪಿಗೆಯನ್ನು ಮನಸ್ಸಿನಲ್ಲೇ ಹಿಂದಕ್ಕೆ ತೆಗೆದುಕೊಂಡಿದ್ದೆ. ಅವನಿಗೆ ಹೇಳಲು ಹೋಗಲಿಲ್ಲ. ಒಂದು ವರ್ಷ ಕಾಯಲಿ ಬಿಡಿ.