ತೆಗೆದಿಟ್ಟ ಬೆಣ್ಣೆ

ಅವರಿಬ್ಬರ ಮೊದಲ ಜಗಳ ಬೆಣ್ಣೆಯ ವಿಷಯಕ್ಕೇ ಆಯಿತು.

ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಆ ಬೆಳಿಗ್ಗೆ ಹಣ್ಣು ಒಣಗಿಸುವ ಕಾರ್ಖಾನೆಗೆ ಐಸ್ ತುಂಬಿದ ಪೆಟ್ಟಿಗೆ ಹೊತ್ತು ಬಂದಿದ್ದಳು. ಒಳಗೆ ನಾಲ್ಕು ಡಬ್ಬಿ ತರಕಾರಿ ಸೂಪ್, ಕಲ್ಲಿನಂತೆ ಹೆಪ್ಪುಗಟ್ಟಿದ್ದು. ಒಂದೊಂದು ಮುಚ್ಚಳದ ಮೇಲೂ ಅಮ್ಮನ ಕೈಬರಹದಲ್ಲಿ ತಾರೀಖು.

ಅಮ್ಮ ದೇವರ ಪಾದ ಸೇರಿ ನಾಲ್ಕು ತಿಂಗಳಾಗಿತ್ತು. ಅಂದಿನಿಂದ ಅಪ್ಪ ಎರಡು ತುತ್ತಿಗೇ ಕೈತೊಳೆಯುತ್ತಿದ್ದರು. ಉಟ್ಟ ಬಟ್ಟೆ ಮೈಮೇಲೆ ನಿಲ್ಲದಷ್ಟು ಇಳಿದುಹೋಗಿದ್ದರು. ಆ ಡಬ್ಬಿಗಳನ್ನು ಮಾತ್ರ ನಿಧಿಯಂತೆ ಕಾಯುತ್ತಿದ್ದರು. "ಅವಳ ಕೈಯಡುಗೆ ಅಂತ ಉಳಿದಿರೋದು ಅಷ್ಟೇ. ಮುಟ್ಟಬೇಡ." ಮನೆಯ ಹಳೆಯ ಫ್ರಿಜ್ಜೋ, ಇಂದೋ ನಾಳೆಯೋ ಎನ್ನುತ್ತಿತ್ತು. ಹೊಸದು ತಂದರೂ ವರ್ಷ ಕಳೆದರೆ ರುಚಿ ನಿಲ್ಲದು ಎಂದು ಯಾರೋ ಹೇಳಿದ್ದರು. ಒಣಗಿಸಿದರೆ ವರ್ಷಗಟ್ಟಲೆ ಕೆಡದು ಎಂದು ತಿಳಿದು, ಅಪ್ಪನನ್ನು ಹೇಗೋ ಒಪ್ಪಿಸಿ ಡಬ್ಬಿಗಳನ್ನು ಈ ಕಾರ್ಖಾನೆಗೆ ತಂದಿದ್ದಳು.

ಯಂತ್ರ ನೋಡಿಕೊಳ್ಳುವವನನ್ನು ಅಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಒಂದು ಕೇಳಿದರೆ ಹತ್ತು ವಿವರಿಸುವುದು ಅವನ ಸ್ವಭಾವ. ಅಂದು ಮಾತ್ರ ಏನೂ ವಿವರಿಸದೆ ಡಬ್ಬಿ ತೆರೆದು, ಮೇಲಿನ ಹಳದಿ ಪದರವನ್ನು ಚಮಚದಿಂದ ಕೆರೆಯತೊಡಗಿದ.

"ಏನ್ ಮಾಡ್ತಿದ್ದೀರಿ?"

"ಬೆಣ್ಣೆ ತೆಗೀತಿದ್ದೀನಿ ಮೇಡಂ. ಕೊಬ್ಬು ಒಣಗಲ್ಲ. ನೀರು ಹೋಗೋ ದಾರಿಗೆ ಅಡ್ಡ ಕೂರುತ್ತೆ. ಆಮೇಲೆ ಕಮಟು ಬೇರೆ."

"ಅದು ನಮ್ಮಮ್ಮ ಹಾಕಿದ್ದು. ಕೆರೆಯೋಕೆ ಮುಂಚೆ ಒಂದು ಮಾತು ಕೇಳಬಹುದಿತ್ತಲ್ಲ?"

ಅವನ ಕಿವಿ ಕೆಂಪಾಯಿತು. ಚಮಚ ಅಲ್ಲೇ ನಿಂತಿತು. "ಕೇಳಬೇಕಿತ್ತು," ಎಂದ.

ಪೆಟ್ಟಿಗೆ ಎತ್ತಿಕೊಂಡು ಹೊರಟುಬಿಡುತ್ತಿದ್ದಳು. ಆದರೆ ಐಸ್ ಆಗಲೇ ಕರಗತೊಡಗಿತ್ತು. ಮೂಲೆಯ ಸ್ಟೂಲಿನ ಮೇಲೆ ಕುಳಿತಳು.

ಸೂಪಿನ ತಟ್ಟೆಗಳು ಯಂತ್ರದೊಳಕ್ಕೆ ಹೋದವು. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿ. ಆಮೇಲೆ ಪಂಪು ಗುರ್ರೆನ್ನುತ್ತ ಒಳಗಿನ ಗಾಳಿಯನ್ನೆಲ್ಲ ಎಳೆದುಹಾಕಿತು.

"ಬಟ್ಟೆ ಮಧ್ಯೆ ನುಸಿಗುಳಿಗೆ ಇಡ್ತೀವಲ್ಲ," ಮೇಷ್ಟ್ರು ಮೆಲ್ಲಗೆ ಶುರು ಮಾಡಿದ. "ಅದು ಸವೆದುಹೋಗುತ್ತೆ, ಆದ್ರೆ ಬಟ್ಟೆ ಒದ್ದೆ ಆಗಲ್ಲ. ಇದೂ ಹಾಗೇ. ಗಾಳಿ ಇಲ್ಲದ ಕಡೆ ಸ್ವಲ್ಪವೇ ಶಾಖ ಕೊಟ್ರೆ ಐಸ್ ನೀರಾಗದೇನೇ ಆವಿಯಾಗುತ್ತೆ. ಬೇಯೋದಿಲ್ಲ, ಬಾಡೋದಿಲ್ಲ. ಬಣ್ಣ, ಘಮ, ಸತ್ವ ಬಹುಪಾಲು ಇದ್ದ ಹಾಗೇ ಇರುತ್ತೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ."

"ಬೆಣ್ಣೆ ಸುದ್ದಿ ಬೇಡ," ಎಂದಳು.

ಅವನು ತುಟಿ ಕಚ್ಚಿಕೊಂಡ. ಅವನ ಕನ್ನಡಕ ಎಡಕ್ಕೆ ವಾಲಿತ್ತು. ನೋಡಬಾರದೆಂದುಕೊಂಡರೂ ಅವಳ ಕಣ್ಣು ಅಲ್ಲಿಗೇ ಹೋಗುತ್ತಿತ್ತು, ಕಸುಬಿನ ಚಾಳಿ.

ಮರುದಿನ ಸಂಜೆ ತಟ್ಟೆ ಹೊರಬಂದಾಗ ಸೂಪು ಹಗುರ ಹಲಗೆಯಂತಾಗಿತ್ತು. ಕ್ಯಾರೆಟ್ಟಿನ ಕೆಂಪು, ಬಟಾಣಿಯ ಹಸಿರು ಮಾಸಿರಲಿಲ್ಲ.

"ಆಯ್ತಲ್ಲ, ಕೊಡಿ."

ಅವನು ಒಂದು ತುಂಡು ಮುರಿದು ಮುಂದೆ ಹಿಡಿದ. "ಕೆನ್ನೆಗೆ ಇಟ್ಟು ನೋಡಿ. ಮುರಿದ ಕಡೆ."

ಇಟ್ಟುಕೊಂಡಳು. ನಡುವಿನಲ್ಲಿ ಸೂಜಿಮೊನೆಯಷ್ಟು ತಣ್ಣಗೆ.

"ಒಳಗೆ ಇನ್ನೂ ಐಸ್ ಇದೆ. ಇವತ್ತು ಕಟ್ಟಿದ್ರೆ ತಿಂಗಳಲ್ಲಿ ಬೂಷ್ಟು. ಅವಸರ ಮಾಡೋ ಹಾಗಿಲ್ಲ ಮೇಡಂ."

"ಎಲ್ರ ಕೆನ್ನೆಗೂ ಹೀಗೇ ಇಡಿಸ್ತೀರಾ?"

"ಇಲ್ಲ. ದಿನಾ ನನ್ನ ಕೆನ್ನೆಗೇ."

ನಗು ಬಂತು. ನಾಲ್ಕು ತಿಂಗಳಲ್ಲಿ ಮೊದಲ ನಗು, ಅವಳಿಗೇ ಅಪರಿಚಿತವೆನಿಸಿತು. ಅದನ್ನು ಮರೆಮಾಚಲು ಕೈಚಾಚಿ, "ಕನ್ನಡಕ ಕೊಡಿ ಇಲ್ಲಿ," ಎಂದಳು. ಕಡ್ಡಿ ಬಾಗಿಸಿ ಸರಿಮಾಡಿ ತಾನೇ ಅವನ ಮೂಗಿಗೇರಿಸಿದಳು. ಲೋಕ ನೆಟ್ಟಗಾದವನಂತೆ ಅವನು ಅವಳನ್ನೇ ನೋಡಿದ. ರೆಪ್ಪೆ ಮೊದಲು ಇಳಿದದ್ದು ಅವಳದೇ.

ಮೂರನೆಯ ದಿನ ಒಳಗಿನ ತಣುಪು ಹೋಯಿತು. ಗಾಳಿಯಾಡದ ಹನ್ನೆರಡು ಪೊಟ್ಟಣ ಕಟ್ಟಿ, ಅಮ್ಮನ ಮುಚ್ಚಳಗಳ ಸಮೇತ ಮೇಷ್ಟ್ರು ತಾನೇ ಮನೆಗೆ ತಂದ. ಫ್ರಿಜ್ಜು ಬೇಡ, ಕರೆಂಟು ಬೇಡ, ಇಪ್ಪತ್ತು ವರ್ಷ ಕಪಾಟಿನಲ್ಲೇ ಇರುತ್ತದೆ ಎಂದ.

ಅಪ್ಪ ಪೊಟ್ಟಣವನ್ನು ಕೈಯಲ್ಲಿ ತೂಗಿದರು. "ಗಾಳಿ ಹಾಗೆ ಹಗುರ. ಇದರಲ್ಲಿ ಅವಳೆಲ್ಲಿ?"

"ಒಂದು ಬಿಚ್ಚೋಣ ಸರ್."

"ಬೇಡಪ್ಪ. ಮುಗಿದುಹೋಗುತ್ತೆ."

"ಇಡೋದು ತಿನ್ನೋಕೇ ಅಲ್ವಾ? ಅಮ್ಮ ಮಾಡಿದ್ದು ಕಾಯೋದಕ್ಕಲ್ಲ."

ಅಪ್ಪ ಪೊಟ್ಟಣವನ್ನು ಮಗಳ ಕೈಗಿಟ್ಟರು.

ಅವಳು ಬಟ್ಟಲಿಗೆ ಬಿಸಿನೀರು ಸುರಿದಳು. ಒಣಗಿದ್ದ ಚೂರುಗಳು ನೀರು ಕುಡಿದು ಮೈತುಂಬಿಕೊಂಡವು. ಅಡುಗೆಮನೆಯಲ್ಲಿ ಅಮ್ಮ ಇದ್ದ ದಿನದ ಘಮ ಎದ್ದಿತು. ಅಪ್ಪ ಕಣ್ಣುಮುಚ್ಚಿ, ಕೈಮುಗಿದು, ದೇವರನ್ನು ನೆನೆದು ಒಂದು ಚಮಚ ಬಾಯಿಗಿಟ್ಟರು. ಹುಬ್ಬು ಗಂಟಾಯಿತು. ಚಮಚ ಕೆಳಗಿಟ್ಟರು.

"ಅವಳದೇ. ಆದ್ರೆ ಏನೋ ಕಡಿಮೆ."

ಅವಳು ಮೇಷ್ಟ್ರ ಕಡೆ ತಿರುಗಿದಳು, ಸುಡುವ ಕಣ್ಣಿನಿಂದ.

ಅವನು ಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದ. ಸುತ್ತ ಐಸು, ಒಳಗೆ ಹಳದಿ ಬೆಣ್ಣೆ.

"ಎಸೆದಿರಲಿಲ್ಲ ಮೇಡಂ. ತಿನ್ನೋ ದಿನ ಬೇಕಾಗುತ್ತೆ ಅಂತ ತೆಗೆದಿಟ್ಟಿದ್ದೆ. ಹೇಳೋಕೆ ಹೋದ್ರೆ ಬೆಣ್ಣೆ ಸುದ್ದಿ ಬೇಡ ಅಂದ್ರಲ್ಲ."

ಒಂದು ಚಮಚ ಬೆಣ್ಣೆ ಬಟ್ಟಲಿನಲ್ಲಿ ಕರಗಿತು. ಅಪ್ಪ ಕುಡಿದರು. ಮತ್ತೆ ಕುಡಿದರು. ಕೆನ್ನೆಯ ಮೇಲೆ ಹರಿದದ್ದನ್ನು ಒರೆಸಿಕೊಳ್ಳಲಿಲ್ಲ. ಬಟ್ಟಲು ಬರಿದಾಯಿತು. ಅದನ್ನು ಬೆರಳಿಂದ ಬಳಿದರು.

"ಮಗಳೇ, ಬ್ರೆಡ್ ಇದೆಯಾ? ಹಸಿವಾಗ್ತಿದೆ."

ಆ ಒಂದು ಮಾತಿಗೆ ಅವಳು ಎಷ್ಟು ಪ್ರಾರ್ಥನೆ ಸಲ್ಲಿಸಿದ್ದಳೋ ದೇವರೇ ಬಲ್ಲ. ಕೊಯ್ದ ಬ್ರೆಡ್ಡಿನ ಮೊದಲ ಹೋಳು ಸೊಟ್ಟಗೆ ಬಂತು. ಮೇಷ್ಟ್ರು ಚಾಕು ತೆಗೆದುಕೊಂಡು ತಾನೇ ಕೊಯ್ದ.

"ಇನ್ನೂ ಹನ್ನೊಂದು ಪೊಟ್ಟಣ ಇದೆ," ಅವಳು ತಗ್ಗಿದ ದನಿಯಲ್ಲಿ ಹೇಳಿದಳು. "ವರ್ಷಕ್ಕೊಂದು ಬಿಚ್ಚಿದ್ರೆ?"

"ಹನ್ನೊಂದು ವರ್ಷ. ಆದ್ರೆ ಈ ಬೆಣ್ಣೆ ಅಷ್ಟು ದಿನ ಇರಲ್ಲ."

"ಪ್ರತಿಸಲ ಹೊಸದು ತನ್ನಿ. ನೀವೇ ತರಬೇಕು."

ಅವನ ಕೈಯ ಚಾಕು ನಿಂತಿತು. "ಹನ್ನೊಂದು ಆದ್ಮೇಲೆ?"

"ಆಮೇಲೆ ನಾನೇ ಮಾಡೋಕೆ ಕಲೀತೀನಿ. ನೀವು ಇರ್ತೀರಾ?"

"ಇರ್ತೀನಿ," ಎಂದ. ಒಂದು ಕೇಳಿದರೆ ಹತ್ತು ಹೇಳುವವನು ಅಂದು ಒಂದೇ ಹೇಳಿದ.

ಅಪ್ಪ ಮೇಜಿನಿಂದ ಕೂಗಿದರು. "ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಈ ಹುಡುಗಿಗೆ ಗಂಡು ಹುಡುಕಿ ಹುಡುಕಿ ನನ್ನ ಹೆಂಡತಿ ಚಪ್ಪಲಿ ಸವೆಸಿದ್ದಳು. ಕೊನೆಗೆ ತನ್ನ ಸೂಪಿನಿಂದಲೇ ಆ ಕೆಲಸ ಮುಗಿಸಿದಳು ನೋಡಿ. ಅಳಿಯಂದಿರೇ, ಇನ್ನೊಂದು ಬಟ್ಟಲು."